ಕಪ್ಪುದ್ರವ್ಯದ ಶೋಧದಲ್ಲಿ ಮಾದರಿಗಳು: ನ್ಯೂಟ್ರಿನೊ ಪ್ರಕರಣದ ಹಿನ್ನೆಲೆಯಲ್ಲಿ

ಕಪ್ಪುದ್ರವ್ಯದ ಚರಿತ್ರೆಯನ್ನು ದೂರದರ್ಶಕಗಳ ಚರಿತ್ರೆಯಾಗಿ ಬರೆಯುವ ರೂಢಿಯಿದೆಯಾದರೂ, ಬೆಳಕನ್ನು ಹೊಮ್ಮಿಸದ ಮತ್ತು ಹೀರದ ಈ ದ್ರವ್ಯದ ಸುಳಿವು ಮೊದಲಿನಿಂದಲೂ ದೊರೆತಿರುವುದು ಮಾದರಿಗೂ ವೀಕ್ಷಣೆಗೂ ತಾಳೆಯಾಗದ ಎಡೆಗಳಲ್ಲಿ. ಕೆಲವು ಊಹೆಗಳನ್ನು ಒಪ್ಪಿಕೊಂಡು ಭೌತನಿಯಮಗಳಿಂದ ಕಟ್ಟಿದ ಗಣಿತರೂಪವನ್ನೇ ಇಲ್ಲಿ ಮಾದರಿ ಎಂದು ಕರೆಯಲಾಗಿದೆ. ಗುರುತ್ವಬಂಧಿತ ಸಮೂಹವೊಂದರ ಸದಸ್ಯರ ವೇಗಗಳಿಂದ ಅದರ ಒಟ್ಟು ದ್ರವ್ಯರಾಶಿಯನ್ನು ಅಂದಾಜು ಮಾಡುವ ವೈರಿಯಲ್ ಪ್ರಮೇಯವನ್ನು 1933ರಲ್ಲಿ ಕೋಮಾ ಗ್ಯಾಲಕ್ಸಿ ಗುಚ್ಛಕ್ಕೆ ಅನ್ವಯಿಸಿದ ಫ್ರಿಟ್ಸ್ ಜ್ವಿಕಿ, ಗುಚ್ಛವು ಚದುರದೆ ಉಳಿಯಬೇಕಾದರೆ ಹೊಳೆಯುವ ದ್ರವ್ಯದ ಸುಮಾರು 400 ಪಟ್ಟು ಸಾಂದ್ರತೆ ಬೇಕೆಂದು ಲೆಕ್ಕಹಾಕಿದರು. ಅಂದು ಬಳಕೆಯಲ್ಲಿದ್ದ ವಿಶ್ವದ ವಿಸ್ತರಣ ದರ ಇಂದಿನದಕ್ಕಿಂತ ಸುಮಾರು 8 ಪಟ್ಟು ದೊಡ್ಡದಾಗಿದ್ದುದರಿಂದ ಈ ಅಂಕಿ ಉಬ್ಬಿತ್ತು. ತಿದ್ದಿದ ಮೇಲೆ ಅಂತರ ತಗ್ಗಿತೇ ಹೊರತು ಅಳಿಯಲಿಲ್ಲ.

ಕೆಲವೇ ನೂರು ಬಿಂದುಗಳಿಂದ ತಟ್ಟೆಯಾಕಾರದ ಗ್ಯಾಲಕ್ಸಿಯೊಂದನ್ನು ಕಂಪ್ಯೂಟರಿನಲ್ಲಿ ಕಟ್ಟಿದ ಒಸ್ಟ್ರೈಕರ್ ಮತ್ತು ಪೀಬಲ್ಸ್, ಸುತ್ತಲೂ ಕಾಣದ ದ್ರವ್ಯದ ಭಾರವಾದ ಪ್ರಭಾವಲಯವಿಲ್ಲದಿದ್ದರೆ ಅಂಥ ತಟ್ಟೆ ಸ್ಥಿರವಾಗಿ ಉಳಿಯದೆಂದು 1973ರಲ್ಲಿ ತೋರಿಸಿದರು. ಆ ದ್ರವ್ಯ ಯಾವುದು ಎಂಬ ಪ್ರಶ್ನೆಗೆ ಅದೇ ವರ್ಷ ಒಂದು ಉತ್ತರ ಬಂದಿತು: ಮುಂದೆ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ನಿರ್ದೇಶಕರಾದ ರಾಮನಾಥ ಕೌಶಿಕ್ ಮತ್ತು ಮೆಕ್‌ಕ್ಲೆಲ್ಯಾಂಡ್, ನ್ಯೂಟ್ರಿನೊಗಳಿಗೆ ಕೆಲವೇ ಎಲೆಕ್ಟ್ರಾನ್‌ವೋಲ್ಟ್‌ನಷ್ಟು ದ್ರವ್ಯರಾಶಿಯಿದ್ದರೂ ಕೋಮಾ ಗುಚ್ಛದ ಕೊರತೆ ತುಂಬೀತೆಂದು ಸೂಚಿಸಿದರು. 1980ರಲ್ಲಿ ಮಾಸ್ಕೋದ ಪ್ರಯೋಗವೊಂದು ನ್ಯೂಟ್ರಿನೊ ದ್ರವ್ಯರಾಶಿಗೆ ಸುಮಾರು 30 ಎಲೆಕ್ಟ್ರಾನ್‌ವೋಲ್ಟ್‌ನ ಮೌಲ್ಯವನ್ನು ಪ್ರಕಟಿಸಿದಾಗ ಈ ಊಹೆಗೆ ಬಲ ಬಂದಿತಾದರೂ ಆ ಮೌಲ್ಯ ಮುಂದೆ ದೃಢಪಡಲಿಲ್ಲ.

ಗಮನಾರ್ಹವೆಂದರೆ, ಪ್ರಯೋಗಶಾಲೆಯ ತೀರ್ಪು ಬರುವ ಮುನ್ನವೇ ಕಂಪ್ಯೂಟರ್ ಅನುಕರಣೆಗಳು ಈ ನ್ಯೂಟ್ರಿನೊ ಮಾದರಿಯನ್ನು ಬದಿಗೆ ಸರಿಸಿದ್ದವು. ಹಗುರವಾದ ನ್ಯೂಟ್ರಿನೊಗಳು ಆದಿವಿಶ್ವದಲ್ಲಿ ಅತಿವೇಗದಿಂದ ಚಲಿಸಿ ಸಣ್ಣ ಸಾಂದ್ರತಾ ಏರಿಳಿತಗಳನ್ನು ಅಳಿಸಿಹಾಕುವುದರಿಂದ, ಮೊದಲು ಬೃಹತ್ ರಚನೆಗಳೂ ಅವು ಒಡೆದ ಮೇಲೆ ಗ್ಯಾಲಕ್ಸಿಗಳೂ ಹುಟ್ಟಬೇಕಾಗುತ್ತದೆ. ಗ್ಯಾಲಕ್ಸಿಗಳು ಸಕಾಲಕ್ಕೆ ಹುಟ್ಟುವಂತೆ ಲೆಕ್ಕವನ್ನು ಹೊಂದಿಸಿದರೆ, ಅವು ಆಕಾಶದಲ್ಲಿ ಕಾಣುವುದಕ್ಕಿಂತ ಬಹಳ ಹೆಚ್ಚು ಒತ್ತೊತ್ತಾಗಿ ಗುಂಪುಗೂಡುತ್ತವೆಂದು ವೈಟ್, ಫ್ರೆಂಕ್ ಮತ್ತು ಡೇವಿಸ್ 1983ರಲ್ಲಿ ತೋರಿಸಿದರು. ಎಫ್‌ಸ್ಟಾಥಿಯೂ ಅವರೂ ಸೇರಿಕೊಂಡು 1985ರಲ್ಲಿ 32,768 ಕಣಗಳಿಂದ ನಡೆಸಿದ ಅನುಕರಣೆಯಲ್ಲಿ ನಿಧಾನಗತಿಯ ಕಣಗಳ, ಅಂದರೆ 'ಶೀತಲ' ಕಪ್ಪುದ್ರವ್ಯದ ಮಾದರಿ ವೀಕ್ಷಣೆಗೆ ಹತ್ತಿರ ಬಂದಿತು. ಆದರೆ ಹೆಚ್ಚು ಸಾಂದ್ರವಾದ ತಾಣಗಳಲ್ಲಿ ಮಾತ್ರ ಗ್ಯಾಲಕ್ಸಿಗಳು ಹುಟ್ಟುತ್ತವೆಂಬ ಹೆಚ್ಚುವರಿ ಊಹೆಯೊಂದು ಅದಕ್ಕೆ ಬೇಕಾಯಿತು. ಶೀತಲ ಮಾದರಿಯ ಗೆಲುವನ್ನು ಬಣ್ಣಿಸುವವರು ಈ ಊಹೆಯನ್ನು ಮರೆಯುವುದೇ ಹೆಚ್ಚು.

ಮಾದರಿಯ ಪಾತ್ರ ಅಲ್ಲಿಗೆ ಮುಗಿಯದೆ ಉಪಕರಣದ ಒಳಗನ್ನೂ ಹೊಕ್ಕಿದೆ. ಅಮೆರಿಕದ ದಕ್ಷಿಣ ಡಕೋಟದ ಗಣಿಯೊಂದರ ಆಳದಲ್ಲಿರುವ ಲಕ್ಸ್-ಜೆಪ್ಲಿನ್ ಶೋಧಕವು 7 ಟನ್ ದ್ರವ ಕ್ಸೆನಾನ್‌ನಲ್ಲಿ ಕಪ್ಪುದ್ರವ್ಯದ ಕಣದ ಡಿಕ್ಕಿಯಿಂದ ಮೂಡಬಹುದಾದ ಕ್ಷೀಣ ಬೆಳಕಿಗಾಗಿ ಕಾಯುತ್ತಿದ್ದು, ಈವರೆಗೆ ಅಂಥ ಕಣ ಪತ್ತೆಯಾಗಿಲ್ಲ. ಹಾಗೆ ಪತ್ತೆಯಾಗದಿರುವುದರಿಂದ ಕಣದ ಗುಣಗಳ ಮೇಲೆ ಮಿತಿ ಹೇರುವಾಗ, ಸೂರ್ಯನ ಸುತ್ತಮುತ್ತ 3 ಘನ ಸೆಂಟಿಮೀಟರಿಗೆ ಹೆಚ್ಚುಕಡಿಮೆ ಒಂದು ಪ್ರೋಟಾನಿನಷ್ಟು ಕಪ್ಪುದ್ರವ್ಯವಿದೆಯೆಂಬ ಪ್ರಭಾವಲಯದ ಮಾದರಿಯೊಂದನ್ನು ಮೊದಲೇ ಒಪ್ಪಿಕೊಳ್ಳಲಾಗುತ್ತದೆ. ಆ ಸಾಂದ್ರತೆಯನ್ನು ಅರ್ಧಕ್ಕೆ ಇಳಿಸಿದರೆ ಪ್ರಯೋಗ ಹೇರುವ ಮಿತಿಯೂ ಅಷ್ಟೇ ಸಡಿಲಗೊಳ್ಳುತ್ತದೆ.