ಆಟ ಕಲಿಸುವವರ ಪೂರ್ವಾಪರ

ಕೇಂದ್ರ ಸರ್ಕಾರದ ನೌಕರಿಗೆ ಸೇರುವಾಗ ನಾವೊಂದು ನಮೂನೆ ತುಂಬಿ ಕೊಟ್ಟಿದ್ದೆವು. ಹಿಂದಿನ ಐದು ವರ್ಷಗಳಲ್ಲಿ ವರ್ಷಕ್ಕೂ ಮೀರಿ ಎಲ್ಲೆಲ್ಲಿ ವಾಸವಿದ್ದೆವು, ಎಂದಾದರೂ ಬಂಧನವಾಗಿತ್ತೆ, ಎಲ್ಲವನ್ನೂ ಬರೆಯಬೇಕಿತ್ತು. ಕಡತ ಮುಟ್ಟುವ ಗುಮಾಸ್ತನಿಗೆ ಇಷ್ಟು ವಿಚಾರಣೆ! ಮಕ್ಕಳಿಗೆ ಓಟ, ಈಜು ಕಲಿಸುವವರಿಗೆ ಬಹುಕಾಲ ಏನೂ ಇರಲಿಲ್ಲ.

ನಮ್ಮ ಊರುಗಳಲ್ಲಿ 'ಯಾರ ಮನೆಯವರು?' ಎಂಬ ಪ್ರಶ್ನೆಯೇ ವಿಚಾರಣೆಯಾಗಿತ್ತು. ಚೆನ್ನೈಗೆ ಬಂದ ಮೇಲೂ ಅದನ್ನೇ ಕೇಳುತ್ತೇವೆ. ಉತ್ತರ ನಮ್ಮ ಭಾಷೆಯಲ್ಲಿ ಬಂದರೆ ಸಾಕು, ನಂಬಿಬಿಡುತ್ತೇವೆ.

ಬ್ರಿಟನ್ನಿನಲ್ಲಿ ಒಲಿಂಪಿಕ್ ಈಜುಗಾರರ ತರಬೇತುದಾರನಾಗಿದ್ದ ಪಾಲ್ ಹಿಕ್ಸನ್‌ಗೆ 1995ರಲ್ಲಿ 17 ವರ್ಷ ಸೆರೆಯಾಯಿತು. ಅಲ್ಲಿನವರು ಆಗ ಎಚ್ಚೆತ್ತರು. 2002ರಿಂದ ಅಪರಾಧ ದಾಖಲೆಗಳನ್ನು ಪರೀಕ್ಷಿಸುವ ಪ್ರತ್ಯೇಕ ಕಚೇರಿಯೇ ನಡೆಯಿತು; ಸ್ವಯಂಸೇವಕರಿಗೆ ಶುಲ್ಕವಿರಲಿಲ್ಲ.

ನಮ್ಮ ದೇಶದ ಕಥೆ ಇನ್ನೂ ಕಹಿ. 1990ರಲ್ಲಿ ಪಂಚಕುಲದಲ್ಲಿ ಟೆನಿಸ್ ಆಡುತ್ತಿದ್ದ 14 ವರ್ಷದ ಬಾಲಕಿಯೊಡನೆ ಅಸಭ್ಯವಾಗಿ ವರ್ತಿಸಿದವರು ರಾಜ್ಯ ಟೆನಿಸ್ ಸಂಸ್ಥೆಯ ಅಧ್ಯಕ್ಷರು. ವೃತ್ತಿಯಿಂದ ಪೊಲೀಸ್ ಐ.ಜಿ.! ಬಾಲಕಿ 1993ರಲ್ಲಿ ವಿಷ ಸೇವಿಸಿ ತೀರಿಕೊಂಡಳು. ನ್ಯಾಯಾಲಯ ಅವರನ್ನು ಅಪರಾಧಿಯೆಂದದ್ದು 2009ರಲ್ಲಿ. ಅಷ್ಟು ವರ್ಷ ಯಾರಾದರೂ ಪೊಲೀಸ್ ದಾಖಲೆ ಕೇಳಿದ್ದರೆ ಏನು ಸಿಗುತ್ತಿತ್ತು?

2012ರ ನವೆಂಬರ್ 14ರಂದು ಪೋಕ್ಸೋ ಕಾಯಿದೆ ಜಾರಿಗೆ ಬಂತು. ಅಪರಾಧ ತಿಳಿದೂ ಸುಮ್ಮನಿರುವುದು ಆಗಿನಿಂದ ಶಿಕ್ಷಾರ್ಹ. 2020ರ ನಿಯಮಗಳು ಶಾಲೆಗಳ ಜೊತೆಗೆ ಕ್ರೀಡಾ ಅಕಾಡೆಮಿಗಳನ್ನೂ ಹೆಸರಿಸಿ, ಮಕ್ಕಳ ಸಂಪರ್ಕಕ್ಕೆ ಬರುವ ಸಿಬ್ಬಂದಿಯ ಪೂರ್ವಾಪರವನ್ನು ಪೊಲೀಸರ ಮೂಲಕ ಆಗಾಗ ಪರಿಶೀಲಿಸಬೇಕೆಂದವು.

ಮರುವರ್ಷವೇ, 2021ರ ಮೇ ತಿಂಗಳಲ್ಲಿ, ನಮ್ಮ ಚೆನ್ನೈನಲ್ಲೇ ಅಥ್ಲೆಟಿಕ್ಸ್ ತರಬೇತುದಾರರೊಬ್ಬರು ಪೋಕ್ಸೋ ಅನ್ವಯ ಬಂಧಿತರಾದರು. ಒಬ್ಬಳು ದೂರು ಕೊಟ್ಟ ಮೇಲೆ ಹಿಂದೆ ಅವರಲ್ಲಿ ಕಲಿತ ಇತರರೂ ಮುಂದೆ ಬಂದರು. ದೂರೇ ಇಲ್ಲದಿದ್ದಾಗ ಠಾಣೆಯ ದಾಖಲೆ ಖಾಲಿಯಾಗಿಯೇ ಇರುತ್ತದೆ. ಆದ್ದರಿಂದ ಪೊಲೀಸರನ್ನು ಕೇಳಿದರಷ್ಟೇ ಸಾಲದು, ಹಿಂದೆ ಕಲಿಸಿದ ಕಡೆಯ ತಂದೆತಾಯಿಗಳನ್ನೂ ಕೇಳಬೇಕು.

ಇನ್ನೊಂದು ತೊಡಕಿದೆ. ನಿಯಮದ ಮಾತು ಸಿಬ್ಬಂದಿ, ನೌಕರರ ಕುರಿತದ್ದು. ನಮ್ಮ ಸಂಘದ ಬೇಸಿಗೆ ಶಿಬಿರದಲ್ಲಿ ಖೋ ಖೋ ಆಡಿಸುವವರು ಸಂಬಳವಿಲ್ಲದ ಸ್ವಯಂಸೇವಕರು. ಅವರಿಗೂ ವಿಚಾರಣೆಯಿರಲಿ ಎಂದು ನಾವು ಹೇಳಿದಾಗ, "ನಮ್ಮವರನ್ನೇ ಅನುಮಾನಿಸುವುದೇನ್ರೀ?" ಎಂದು ಹಿರಿಯರೊಬ್ಬರು ಬೇಸರಪಟ್ಟರು. ಬೇಸರ ಸಹಜವೇ. ಆದರೂ ಶಿಬಿರದ ಅರ್ಜಿಯಲ್ಲಿ ಹಿಂದೆ ಎಲ್ಲಿ ಕಲಿಸಿದ್ದೀರಿ, ಏಕೆ ಬಿಟ್ಟಿರಿ, ಯಾರನ್ನು ವಿಚಾರಿಸಬಹುದು ಎಂಬ ಮೂರು ಸಾಲು ಸೇರಿಸಲು ಕಾರ್ಯಕಾರಿ ಸಮಿತಿಗೆ ಬರೆದುಕೊಟ್ಟಿದ್ದೇವೆ. ಮೊದಲ ಅರ್ಜಿ ನಮ್ಮದೇ. ಚೆಸ್ ಕಲಿಸುವುದು ನಾವು.