ಹುಣ್ಣಿಮೆ, ಹುಬ್ಬೆ, ಪುಷ್ಯ: ಕಾಲವಾಚಕಗಳ ಎರಡು ಪದರಗಳು

ಹರದನಹಳ್ಳಿಯೂ ಸೇರಿದ ಚಾಮರಾಜನಗರದ ಗಡಿಸೀಮೆಯಲ್ಲಿ ಕನ್ನಡದ ಅಮಾಂತ ಚಾಂದ್ರಮಾಸವೂ ತಮಿಳಿನ ಸೌರಮಾಸವೂ ನೆರೆಹೊರೆಯವು. ಬೇಸಾಯದ ಎಣಿಕೆಯಾದರೋ ಬೇರೆಯೇ: ಸೂರ್ಯನು ಒಂದೊಂದು ನಕ್ಷತ್ರದಲ್ಲಿರುವ 13–14 ದಿನಗಳ ‘ಮಳೆ’ಗಳದ್ದು. ಈ ಎಣಿಕೆಗಳ ಚರಿತ್ರೆಗೆ ಶಾಸನಗಳಂತೆ ಧ್ವನಿವ್ಯತ್ಯಾಸವೂ ಸಾಕ್ಷಿ. ಪ್ರಾಕೃತದ ‘ಪುಣ್ಣಿಮಾ’ ಹಳಗನ್ನಡದಲ್ಲಿ ‘ಪುಣ್ಣಮೆ’ಯಾಗಿ, ಪಕಾರವು ಹಕಾರವಾದಾಗ ‘ಹುಣ್ಣಿಮೆ’ಯಾಯಿತು, ಮಳೆಯ ಹೆಸರಾದ ‘ಪುಬ್ಬೆ’ಗೂ ‘ಹುಬ್ಬೆ’ ಎಂಬ ರೂಪವಿದೆ. ಮಾಸನಾಮವಾದ ‘ಪುಷ್ಯ’ದ ಪಕಾರ ಮಾತ್ರ ಕದಲಲಿಲ್ಲ. ಅದನ್ನು ಕಾದದ್ದು ಸಂಸ್ಕೃತದ ಬರಹ. ಹುಣ್ಣಿಮೆ, ಹುಬ್ಬೆಗಳನ್ನು ಬೆಳೆಸಿದ್ದು ಆಡುಮಾತು. ಆದ್ದರಿಂದ ಕ್ಷೇತ್ರಕಾರ್ಯದಲ್ಲಿ ‘ಯಾವ ಮಾಸ’ ಎಂದಷ್ಟೇ ಕೇಳದೆ ‘ಯಾವ ಮಳೆ’ ಎಂದೂ ಕೇಳಬೇಕು. ಇಲ್ಲವಾದರೆ ದಾಖಲಾಗುವುದು ಪಂಚಾಂಗದ ವರ್ಷ. ಜನ ಬಾಳಿದ ವರ್ಷ ದಾಖಲೆಯ ಹೊರಗೇ ಉಳಿಯುತ್ತದೆ.