ಚಿನ್ನದ ಬೂಟು ಮತ್ತು ನಮ್ಮ ಮುಂಚೂಣಿ
2013-14ರಲ್ಲಿ ಬೆಂಗಳೂರು ಎಫ್‌ಸಿ ಕಾಲಿಟ್ಟ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ನಾಯಕ ಸುನಿಲ್ ಛೆಟ್ರಿ 14 ಗೋಲು ಹೊಡೆದು, ಡ್ಯಾರಿಲ್ ಡಫಿ ಮತ್ತು ಕಾರ್ನೆಲ್ ಗ್ಲೆನ್ ಜೊತೆ ಅತಿ ಹೆಚ್ಚು ಗೋಲಿನ ಗೌರವ ಹಂಚಿಕೊಂಡರು. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಶುರುವಾಯಿತು. ಮೊದಲ ವರ್ಷದ ಎಲಾನೊ ಅವರಿಂದ 2024-25ರ ಅಲಾಎದ್ದೀನ್ ಅಜಾರೈ ತನಕ ಅದರ ಗೋಲ್ಡನ್ ಬೂಟ್ ಒಬ್ಬ ಭಾರತೀಯನಿಗೂ ದಕ್ಕಲಿಲ್ಲ. ಈ ಪ್ರಶಸ್ತಿ ಆಟಗಾರನ ಕಾಲ್ಚಳಕವನ್ನಷ್ಟೇ ಅಳೆಯುವುದಿಲ್ಲ, ತಂಡಗಳು ಮುಂಚೂಣಿಯಲ್ಲಿ ಯಾರನ್ನು ನಿಲ್ಲಿಸುತ್ತವೆ ಎಂಬುದನ್ನೂ ಹೇಳುತ್ತದೆ ಎಂಬುದು ನನ್ನ ವಾದ.

ಗೋಲಿಗೆ ದೇಶ ಯಾವುದು, ಹೆಚ್ಚು ಹೊಡೆದವನಿಗೆ ಬೂಟು ಎನ್ನುವವರಿದ್ದಾರೆ. ಲೆಕ್ಕ ಸರಿ, ಆದರೆ ಅವಕಾಶ ಸಮನಲ್ಲ. ಸೂಪರ್ ಲೀಗ್‌ನಲ್ಲಿ 2017-18ರ ಬೆಂಗಳೂರು ತಂಡವನ್ನೇ ನೋಡಿ: ಗೋಲಿನ ಎದುರು ವೆನೆಜುವೆಲಾದ ಮಿಕು, ಎಡಬದಿಯಲ್ಲಿ ಹೆಚ್ಚಾಗಿ ಛೆಟ್ರಿ. ಮಿಕು 15, ಛೆಟ್ರಿ 14. ಬೂಟು ಗೋವಾ ತಂಡದ ಕೊರೊಮಿನಾಸ್‌ಗೆ, 18 ಗೋಲಿಗೆ. ಬದಿಯಿಂದ ಒಳನುಗ್ಗಿ ಬಂದು ಹೊಡೆದ ಆ 14 ಎಂಥ ದೊಡ್ಡ ಸಾಧನೆ! ಹಾಗಾದರೆ ವಿದೇಶಿಯರ ಸಂಖ್ಯೆ ಇಳಿಸಿದರಾಯಿತಲ್ಲ? ಇಳಿಸಿದ್ದಾಯಿತು. ಮೈದಾನದಲ್ಲಿ ಆರು ಇದ್ದದ್ದು ಐದಾಗಿ, 2021-22ರಿಂದ ನಾಲ್ಕಾಯಿತು. ಆದರೂ ಉಳಿದ ಜಾಗಗಳಲ್ಲಿ ಒಂದನ್ನು ಕ್ಲಬ್‌ಗಳು ಸ್ಟ್ರೈಕರ್‌ಗೇ ಮೀಸಲಿಟ್ಟವು. ಕಾಯಲು ಪುರುಸೊತ್ತಿಲ್ಲದ ತಂಡ ಪಳಗಿದ ಗೋಲುಗಾರನನ್ನೇ ಕೊಳ್ಳುತ್ತದೆ. ಅದರ ಬೆಲೆಯನ್ನು ತೆರುವುದು ರಾಷ್ಟ್ರೀಯ ತಂಡ: 2024-25ರಲ್ಲಿ ಅಜಾರೈ 23 ಗೋಲು ಹೊಡೆದರೆ, ಭಾರತೀಯರಲ್ಲಿ ಮುಂದಿದ್ದವರು ನಲವತ್ತು ದಾಟಿದ ಛೆಟ್ರಿಯೇ, ಮತ್ತೆ 14 ಗೋಲುಗಳೊಂದಿಗೆ. ಅಂತರರಾಷ್ಟ್ರೀಯ ಆಟದಿಂದ ನಿವೃತ್ತರಾಗಿದ್ದ ಅವರನ್ನು 2025ರ ಮಾರ್ಚ್‌ನಲ್ಲಿ ದೇಶ ಮತ್ತೆ ಕರೆಯಬೇಕಾಯಿತು.